ಕರು ಹಾಕಿ ಮಲಗಿದ ಹಸುವಿನಿಂದ ಬಾಸ್ಟನ್ನಿನವರೆಗೆ

ಹೇಮಗಿರಿಯ ದನಗಳ ಜಾತ್ರೆಗೆ ಹಿಂದೆಲ್ಲ ಬರುತ್ತಿದ್ದದ್ದು ಹೆಚ್ಚಾಗಿ ಹಳ್ಳಿಕಾರ್ ಜೋಡಿಗಳೇ. ಪಶುವೈದ್ಯನಾದ ನಾನು ನಾಟಿ ಹಸುಗಳಲ್ಲಿ ಹಾಲು ಜ್ವರ ಕಂಡದ್ದು ಬಲು ಅಪರೂಪ. ಅವುಗಳ ಹಾಲು ಕರುವಿಗೆ ಸಾಕಾಗಿ, ಮನೆಗೊಂದಿಷ್ಟು ಉಳಿದರೆ ಹೆಚ್ಚು. ಹೇಮಾವತಿ ದಂಡೆಯ ಊರುಗಳಲ್ಲಿ ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗಳನ್ನು ಕಟ್ಟಿ ಡೈರಿಗೆ ಹಾಲು ಹಾಕತೊಡಗಿದ ಮೇಲೆ ಅಪರಾತ್ರಿಯಲ್ಲಿ ಕರೆ ಬರುವುದು ಶುರುವಾಯಿತು: ‘ಕರ ಹಾಕ್ತು ಸಾರ್, ಮೇಲಕ್ಕೇ ಏಳ್ತಿಲ್ಲ.’

ಹೋಗಿ ನೋಡಿದರೆ ಹಸು ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿರುತ್ತದೆ. ಕಿವಿ ತಣ್ಣಗೆ, ಮೂತಿ ಒಣಗಿರುತ್ತದೆ. ಜ್ವರ ಎಂಬ ಹೆಸರಷ್ಟೇ, ಮೈ ಬಿಸಿಯಿಲ್ಲ. ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಬಾಟಲಿಯನ್ನು ಬೆಚ್ಚಗೆ ಮಾಡಿ, ಎದೆಬಡಿತ ಗಮನಿಸುತ್ತ ಕುತ್ತಿಗೆಯ ನರಕ್ಕೆ ನಿಧಾನವಾಗಿ ಇಳಿಸಬೇಕು. ಅವಸರ ಮಾಡಿದರೆ ಹೃದಯವೇ ನಿಂತೀತು. ಬಾಟಲಿ ಖಾಲಿಯಾಗುವ ಹೊತ್ತಿಗೆ ಮೂತಿಯ ಮೇಲೆ ಬೆವರ ಹನಿ ಮೂಡುತ್ತದೆ. ಹಸು ತೇಗಿ, ಸಗಣಿ ಹಾಕಿ, ಎದ್ದು ಕರುವನ್ನು ಮೂಸುತ್ತದೆ. ಎಷ್ಟು ಸಲ ಕಂಡರೂ ನನಗೆ ಸಾಕೆನಿಸದ ನೋಟ ಅದು.

ಲೆಕ್ಕ ಸರಳ. ಹತ್ತು ಲೀಟರ್ ಗಿಣ್ಣು ಹಾಲಿನಲ್ಲಿ 20 ಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ. ಹಸುವಿನ ರಕ್ತದಲ್ಲಿ ಇರುವುದೋ 3 ಗ್ರಾಂ ಆಸುಪಾಸು. ಉಳಿದದ್ದನ್ನು ಮೂಳೆ ಕೊಡಬೇಕು, ಕರುಳು ಹೀರಬೇಕು. ಆ ಆಜ್ಞೆ ಹೊರಡುವುದು ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳಿಂದ.

ಈ ಗ್ರಂಥಿಯನ್ನು ಮೊದಲು ಗುರುತಿಸಿದ್ದು ಮನುಷ್ಯನಲ್ಲಲ್ಲ. 19ನೇ ಶತಮಾನದ ನಡುವೆ ಲಂಡನ್ನಿನ ಮೃಗಾಲಯದಲ್ಲಿ ಸತ್ತ, ಭಾರತದ ಒಂಟಿಕೊಂಬಿನ ಘೇಂಡಾಮೃಗವನ್ನು ಕೊಯ್ದಾಗ ರಿಚರ್ಡ್ ಓವನ್ ಅದನ್ನು ಕಂಡ. ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್ ಮನುಷ್ಯರಲ್ಲಿ ಅದನ್ನು ವಿವರಿಸಿದ್ದು 1880ರಲ್ಲಿ. 1925ರಲ್ಲಿ ಕೆನಡಾದ ಕಾಲಿಪ್ ಅದರ ಪರಿಣಾಮಕಾರಿ ಸಾರ ತೆಗೆದ. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಡ್ರೈಯರ್ ಮತ್ತು ಗ್ರೇಗ್, ಹಾಲು ಜ್ವರವೆಂದರೆ ರಕ್ತದ ಕ್ಯಾಲ್ಸಿಯಂ ಕುಸಿತ ಎಂದು ವಾದಿಸಿದರು. ನನ್ನ ಕೈಯ ಬಾಟಲಿಯ ಮೂಲ ಅಲ್ಲಿದೆ.

ಆಮೇಲೂ ಹಸುವೇ ಮುಂದೆ. ಗ್ರಂಥಿಯ ಆ ಆಜ್ಞೆಯನ್ನು ಹೊತ್ತೊಯ್ಯುವ ಹಾರ್ಮೋನಿನಲ್ಲಿ 84 ಅಮೈನೋ ಆಮ್ಲಗಳು. 1970ರಲ್ಲಿ ಅವುಗಳ ಸಾಲನ್ನು ಓದಿದ್ದು ದನದ ಗ್ರಂಥಿಯಿಂದ ತೆಗೆದ ಹಾರ್ಮೋನಿನಲ್ಲಿ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹೆನ್ರಿ ಕ್ರೋನೆನ್‌ಬರ್ಗ್, ಜಾನ್ ಪಾಟ್ಸ್ ಮತ್ತು ಜೊತೆಗಾರರು 1979ರಲ್ಲಿ ತದ್ರೂಪು ಮಾಡಿದ್ದೂ ದನದ ಹಾರ್ಮೋನಿನ ಡಿಎನ್‌ಎಯನ್ನೇ. 1981ರಲ್ಲಿ ಜೆಫ್ರಿ ಹೆಂಡಿಯವರೊಡನೆ ಮನುಷ್ಯರದ್ದಕ್ಕೆ ಕೈ ಹಾಕಿದಾಗ, ರೋಗಿಗಳ ಪ್ಯಾರಾಥೈರಾಯ್ಡ್ ಗೆಡ್ಡೆಗಳು ಆಕರವಾದವು. ಗೆಡ್ಡೆಯ ಜೀವಕೋಶ ಈ ಹಾರ್ಮೋನನ್ನು ಎಡೆಬಿಡದೆ ತಯಾರಿಸುತ್ತದೆ, ಹಾಗಾಗಿ ಅದರಲ್ಲಿ ಸಂದೇಶವಾಹಕ ಆರ್‌ಎನ್‌ಎ ಹೇರಳ. ಅದರಿಂದ ಡಿಎನ್‌ಎ ಪ್ರತಿ ಮಾಡಿ, ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸಿ, ಅಕ್ಷರಗಳನ್ನು ಒಂದೊಂದಾಗಿ ಓದಿದರು. ಹಾರ್ಮೋನು ಮೊದಲು 115 ಅಮೈನೋ ಆಮ್ಲದ ಕೊಂಡಿಗಳಷ್ಟು ಉದ್ದವಾಗಿ ಹುಟ್ಟುತ್ತದೆ. ಕೋಶದೊಳಗೆ 25, ಮತ್ತೆ 6 ಕತ್ತರಿಸಿಹೋಗಿ 84 ಉಳಿಯುತ್ತದೆ. ಇಡೀ ಜೀನಿನ ಓದು 1983ರಲ್ಲಿ ಪ್ರಕಟವಾಯಿತು. ಅದು ಇರುವುದು ನಮ್ಮ 11ನೇ ವರ್ಣತಂತುವಿನಲ್ಲಿ.

ಆ 84ರಲ್ಲಿ ಮೊದಲ 34 ಕೊಂಡಿಗಳನ್ನಷ್ಟೇ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಔಷಧಿ ಟೆರಿಪ್ಯಾರಟೈಡ್. ಮೂಳೆ ಸವೆತಕ್ಕೆ ಅದನ್ನು ಬಳಸಲು ಅಮೆರಿಕ ಒಪ್ಪಿಗೆ ಕೊಟ್ಟದ್ದು 2002ರಲ್ಲಿ. ಸದಾ ಹೆಚ್ಚಿದ್ದರೆ ಮೂಳೆ ಕರಗಿಸುವ ಹಾರ್ಮೋನು, ದಿನಕ್ಕೊಮ್ಮೆ ಸೂಜಿಯಲ್ಲಿ ಕೊಟ್ಟರೆ ಮೂಳೆ ಕಟ್ಟುತ್ತದೆ! ವೈದ್ಯಶಾಸ್ತ್ರದಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ ಸಂಗತಿ ಮತ್ತೊಂದಿಲ್ಲ.

ನಮ್ಮ ಕೊಟ್ಟಿಗೆಗಳಿಗೂ ಈ ಹಾರ್ಮೋನಿನ ತಿಳಿವು ಬೇಕು. ತುಂಬು ಗಬ್ಬದ ಹಸುವಿಗೆ ಕೊನೆಯ ವಾರಗಳಲ್ಲಿ ‘ಶಕ್ತಿ ಬರಲಿ’ ಎಂದು ಕ್ಯಾಲ್ಸಿಯಂ ಟಾನಿಕ್ ಕುಡಿಸುವವರು ಬಹಳ. ರಕ್ತದಲ್ಲಿ ಕ್ಯಾಲ್ಸಿಯಂ ತುಂಬಿರುವಾಗ ಗ್ರಂಥಿ ಹಾರ್ಮೋನು ಬಿಡುವುದನ್ನು ತಗ್ಗಿಸುತ್ತದೆ, ಮೂಳೆಯೂ ಸುಮ್ಮನಾಗುತ್ತದೆ. ಕರು ಬಿದ್ದು ಗಿಣ್ಣು ಇಳಿದಾಗ ಅವು ಮತ್ತೆ ಚುರುಕಾಗಲು ಒಂದೆರಡು ದಿನ ಬೇಕು. ಹಸು ಮಲಗುವುದು ಆ ಒಂದೆರಡು ದಿನಗಳಲ್ಲೇ. ಮೂರನೇ ಸೂಲು ದಾಟಿದ, ಹೆಚ್ಚು ಕರೆಯುವ ಹಸುಗಳಲ್ಲಂತೂ ಇದು ಇನ್ನೂ ಹೆಚ್ಚು.