ಹುರುಳಿಕಾಯಿ: ಔಷಧೋಪಯೋಗ

ಫ್ಯಾಬೇಸೀ ಕುಟುಂಬಕ್ಕೆ ಸೇರಿದ ಏಕವಾರ್ಷಿಕ ಸಸ್ಯ. ಶಾಸ್ತ್ರೀಯನಾಮ ಫೇಸಿಯೋಲಸ್ ವಲ್ಗ್ಯಾರಿಸ್. ಪೇಟೆಯ ಮಾತಿನಲ್ಲಿ ಇದು ಬೀನ್ಸ್. ಇದರ ಬಲಿತು ಒಣಗಿದ ಕಾಳೇ ರಾಜ್ಮಾ. ಮಧ್ಯ ಅಮೆರಿಕದಲ್ಲಿಯೂ ಆಂಡೀಸ್ ಪರ್ವತಪ್ರಾಂತದಲ್ಲಿಯೂ ಪ್ರತ್ಯೇಕವಾಗಿ ಕೃಷಿಗೆ ಒಳಪಟ್ಟ ಈ ಗಿಡವು 1492ರ ತರುವಾಯವಷ್ಟೆ ಹಳೆಯ ಖಂಡಗಳಿಗೆ ಬಂದುದರಿಂದ, ಚರಕ ಸುಶ್ರುತರ ಸಂಹಿತೆಗಳಲ್ಲಿ ಇದರ ಗುಣವರ್ಣನೆಯನ್ನು ಅರಸುವುದು ವ್ಯರ್ಥ. ಮೂತ್ರಾಶ್ಮರಿಗೆಂದು ಕುಡಿಸುವ ಹುರುಳಿಕಟ್ಟು ಬೇರೊಂದು ಸಸ್ಯದ ಕಾಳಿನದು.

ಭೀಮಾ ಕೃಷ್ಣೆಯರ ನಡುವಣ, ಯಾದಗಿರಿ ಜಿಲ್ಲೆಯ ವಡಗೇರಾ ಸೀಮೆ ತೊಗರಿ ಹತ್ತಿಗಳ ನೆಲವೇ ಹೊರತು ಹುರುಳಿಕಾಯಿಯ ನೆಲವಲ್ಲ. ಬಿಸಿಲೇರಿದಂತೆ ಹೂವುದುರಿಸುವ ಈ ಗಿಡಕ್ಕೆ 40 ಡಿಗ್ರಿಯನ್ನು ದಾಟುವ ಅಲ್ಲಿನ ಬೇಸಗೆ ಸಲ್ಲದು. ನೀರಿನ ಅನುಕೂಲವಿದ್ದಲ್ಲಿ ಚಳಿಗಾಲದ ಬೆಳೆಯಾಗಿ ಬಂದೀತು. ಆದಕಾರಣ ಆ ಕಡೆಯವರಿಗೆ ಇದು ಬಹುಮಟ್ಟಿಗೆ ಸಂತೆಯ ಕಾಯಿಪಲ್ಲೆ. ಇದರ ಔಷಧಖ್ಯಾತಿ ಯೂರೋಪಿನ ಗ್ರಂಥಗಳ ಮೂಲಕ ಬಂದುದು.

ಯೂರೋಪಿನ ಮೂಲಿಕಾವೈದ್ಯರು ಬಳಸುವುದು ಕಾಳನ್ನಲ್ಲ, ಕಾಳು ತೆಗೆದು ಒಣಗಿಸಿದ ಸಿಪ್ಪೆಯನ್ನು. ಮೂತ್ರಪ್ರವೃತ್ತಿಯನ್ನು ಹೆಚ್ಚಿಸುವ ಸಹಾಯಕ ಕಷಾಯವಾಗಿ ದಿನಕ್ಕೆ 5ರಿಂದ 15 ಗ್ರಾಮಿನಷ್ಟನ್ನು ಜರ್ಮನಿಯ ‘ಕಮಿಷನ್ ಇ’ ಸಮಿತಿ ಅಂಗೀಕರಿಸಿತು. ಮಧುಮೇಹಕ್ಕೂ ಇದು ಮದ್ದೆಂಬ ನಂಬಿಕೆ ಅದಕ್ಕಿಂತ ಹಳೆಯದು. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವವನ್ನು ತಡೆಯುವ ಪ್ರೋಟೀನೊಂದು ಕಾಳಿನಲ್ಲಿ ಇರುವುದು ನಿಜವೇ. ಆದರೆ ಬೇಯಿಸಿದೊಡನೆ ಅದು ಬಹುಪಾಲು ನಾಶವಾಗುವುದರಿಂದ ಆ ಗುಣವನ್ನು ಪಲ್ಯದ ಮೇಲೆ ಹೊರಿಸಲಾಗದು. ಬೇಯಿಸದೆ ತಿನ್ನೋಣವೆಂದರೆ ಕಾಳಿನಲ್ಲಿರುವ ಲೆಕ್ಟಿನ್ ಎಂಬ ವಿಷವಸ್ತು ಅಡ್ಡಬರುತ್ತದೆ: ನಾಲ್ಕೈದು ಹಸಿ ರಾಜ್ಮಾ ಕಾಳುಗಳೇ ತೀವ್ರ ವಾಂತಿಭೇದಿಗಳಿಗೆ ಸಾಕು. ಐದು ತಾಸಿಗೆ ಕಡಿಮೆಯಿಲ್ಲದಂತೆ ನೆನೆಯಿಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ತಾಸು ಕುದಿಸಿದರೆ ಭಯವಿಲ್ಲ. ಕುದಿಯದ ಮಂದ ಉರಿಯಲ್ಲಿ ಅರೆಬೆಂದ ಕಾಳು ಹಸಿಯದಕ್ಕಿಂತಲೂ ಅಪಾಯಕರ.

ಹೋಮಿಯೋಪತಿಯಲ್ಲಿ ಇದರ ಗಿಡ್ಡತಳಿ ‘ಫೇಸಿಯೋಲಸ್ ನೇನಸ್’ ಎಂಬ ಹೆಸರಿನಿಂದ ಬಳಕೆಯಲ್ಲಿದೆ. ನಿಧಾನವಾದ ನಿಟ್ಟುಸಿರು, ತೀವ್ರಗತಿಯ ನಾಡಿ, ಎದೆಬಡಿತ, ಮೃತ್ಯು ಸಮೀಪಿಸಿತೆಂಬ ಭಾವನೆ, ಮಧುಮೇಹದ ಮೂತ್ರ—ಇವು ವಿಲಿಯಂ ಬೋರಿಕ್‌ ತಮ್ಮ ‘ಮೆಟೀರಿಯಾ ಮೆಡಿಕಾ’ದಲ್ಲಿ ಇದಕ್ಕೆ ಹೇಳಿರುವ ಲಕ್ಷಣಗಳು. ಸಿಪ್ಪೆಯ ಕಷಾಯದಿಂದ ತೀವ್ರ ತಲೆನೋವು ಬರಬಹುದೆಂದು ಎಚ್ಚರಿಸಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದರೆ ಹೋಮಿಯೋಪತಿಯ ಕ್ರಮದಲ್ಲಿ ನೂರರಲ್ಲಿ ಒಂದರಂತೆ ಹನ್ನೆರಡು ಬಾರಿ ತೆಳುಗೊಳಿಸಿದ ದ್ರಾವಣದಲ್ಲಿ ಮೂಲದ್ರವ್ಯದ ಒಂದು ಅಣುವೂ ಉಳಿಯುವ ಸಂಭವ ಕಡಮೆ. ಆಸ್ಟ್ರೇಲಿಯದ ರಾಷ್ಟ್ರೀಯ ವೈದ್ಯಕೀಯ ಸಂಶೋಧನ ಮಂಡಲಿ 2015ರಲ್ಲಿ, ಹೋಮಿಯೋಪತಿ ಫಲಕಾರಿಯೆಂಬುದಕ್ಕೆ ವಿಶ್ವಾಸಾರ್ಹ ಆಧಾರವುಳ್ಳ ವ್ಯಾಧಿ ಒಂದೂ ಇಲ್ಲವೆಂದು ನಿರ್ಣಯಿಸಿತು. ಹುರುಳಿಕಾಯಿಯನ್ನು ನೆಚ್ಚಿ ಇನ್ಸುಲಿನ್ನನ್ನಾಗಲಿ ಸಕ್ಕರೆಕಾಯಿಲೆಯ ಗುಳಿಗೆಯನ್ನಾಗಲಿ ಬಿಡಲಾಗದು. ಬೋರಿಕ್‌ ಹೇಳಿದಂಥ ಎದೆಬಡಿತ, ಮರಣಭಯಗಳು ಕಾಣಿಸಿಕೊಂಡರೆ ವಡಗೇರಾದವರು ತಡಮಾಡದೆ ಯಾದಗಿರಿಯ ಜಿಲ್ಲಾಸ್ಪತ್ರೆಯ ದಾರಿ ಹಿಡಿಯತಕ್ಕದ್ದು.