ಇಸಬೆಲ್ ಯುಪೇರ್: ಪ್ರಶಸ್ತಿ, ಗೌರವಗಳ ಇತಿಹಾಸ

ಇಸಬೆಲ್ ಯುಪೇರ್ (ಜನನ: 16 ಮಾರ್ಚ್ 1953, ಪ್ಯಾರಿಸ್) ಫ್ರಾನ್ಸಿನ ಚಲನಚಿತ್ರ ಮತ್ತು ರಂಗಭೂಮಿ ನಟಿ. ಕಾನ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ, ವೆನಿಸ್ ಚಿತ್ರೋತ್ಸವದ ವೋಲ್ಪಿ ಕಪ್, ಫ್ರಾನ್ಸಿನ ಸೆಸಾರ್ ಪ್ರಶಸ್ತಿ, ಈ ಮೂರೂ ಅವರಿಗೆ ಎರಡೆರಡು ಸಲ ಸಂದಿವೆ. ಇವುಗಳಲ್ಲಿ ಹೆಚ್ಚಿನವು ಬಂದದ್ದು ಎಂಥ ಪಾತ್ರಗಳಿಗೆ ಎಂಬುದನ್ನು ಮೊದಲು ಗಮನಿಸಬೇಕು: ಹೆತ್ತವರಿಗೆ ವಿಷವಿಟ್ಟ ಮಗಳು, ಬೇರೆ ಹೆಂಗಸರಿಗೆ ಗರ್ಭಪಾತ ಮಾಡಿ ಗಿಲೊಟಿನ್ನಿಗೆ ತಲೆ ಕೊಟ್ಟ ಗೃಹಿಣಿ, ಬಂದೂಕು ಹಿಡಿದ ಅಂಚೆ ಕಚೇರಿಯ ಹೆಂಗಸು, ತನ್ನನ್ನು ತಾನೇ ಇರಿದುಕೊಳ್ಳುವ ಸಂಗೀತ ಶಿಕ್ಷಕಿ. ನೋಡುವವರ ಕನಿಕರವನ್ನು ಬೇಡದ ಪಾತ್ರಗಳಿವು. ಇಂಥ ಅಭಿನಯಕ್ಕೆ ಮನ್ನಣೆ ಕೊಡಲು ತೀರ್ಪುಗಾರರು ಹೇಗೆ ಕಲಿತರು ಎಂಬುದೇ ಯುಪೇರರ ಪ್ರಶಸ್ತಿಗಳ ಇತಿಹಾಸ.

ಮೊದಲ ಹೆಸರು ತಂದುಕೊಟ್ಟದ್ದು ಸ್ವಿಸ್ ನಿರ್ದೇಶಕ ಕ್ಲೋದ್ ಗೊರೆಟ್ಟಾ ಅವರ ‘ಲಾ ದಾಂತೆಲಿಯೇರ್’ (1977). ಪ್ಯಾರಿಸ್ಸಿನ ಕೇಶಾಲಂಕಾರದ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಮಿತಭಾಷಿ ಹುಡುಗಿ ಪೋಮ್. ಸಮುದ್ರತೀರದಲ್ಲಿ ಸಿಕ್ಕ ವಿದ್ಯಾರ್ಥಿಯೊಬ್ಬ ಅವಳನ್ನು ಮೆಚ್ಚುತ್ತಾನೆ, ಆಮೇಲೆ ತನ್ನ ಓದಿಗೂ ಅಂತಸ್ತಿಗೂ ಇವಳು ತಕ್ಕವಳಲ್ಲವೆಂದು ಕೈಬಿಡುತ್ತಾನೆ. ಕೊನೆಯಲ್ಲಿ ಪೋಮ್ ಮಾನಸಿಕ ಆಸ್ಪತ್ರೆಯಲ್ಲಿ ಕುಳಿತಿದ್ದಾಳೆ. ಮೆಲ್ಲನೆ ಮುಖ ತಿರುಗಿಸಿ ನೇರವಾಗಿ ಕ್ಯಾಮೆರಾವನ್ನು ನೋಡುತ್ತಾಳೆ. ಕಣ್ಣೀರಿಲ್ಲ, ದೂರಿಲ್ಲ, ಬರೀ ನೋಟ. ಆ ನೋಟವನ್ನು ಎದುರಿಸುವುದು ಇಂದಿಗೂ ಸುಲಭವಲ್ಲ. ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಈ ಚಿತ್ರಕ್ಕಾಗಿ ಅವರಿಗೆ ಅತ್ಯಂತ ಭರವಸೆಯ ಹೊಸ ಕಲಾವಿದೆ ಎಂಬ ಪ್ರಶಸ್ತಿ ನೀಡಿತು.

ಮರುವರ್ಷವೇ ಕ್ಲೋದ್ ಶಬ್ರೋಲ್ ಅವರ ‘ವಿಯೊಲೆಟ್ ನೊಝಿಯೇರ್’ ಬಂತು. 1933ರಲ್ಲಿ ತಂದೆತಾಯಿಗೆ ವಿಷ ಕೊಟ್ಟು, ತಂದೆಯ ಸಾವಿಗೆ ಕಾರಣಳಾಗಿ ಫ್ರಾನ್ಸನ್ನೇ ತಲ್ಲಣಗೊಳಿಸಿದ ಹದಿಹರೆಯದ ಹುಡುಗಿಯ ನಿಜಕಥೆ ಅದು. 25ರ ಯುಪೇರ್ ಕಾನ್‌ನಲ್ಲಿ ಶ್ರೇಷ್ಠ ನಟಿಯಾದರು. ಆದರೆ ಪ್ರಶಸ್ತಿ ಇಡಿಯಾಗಿ ಸಿಗಲಿಲ್ಲ. ಅಮೆರಿಕದ ಜಿಲ್ ಕ್ಲೇಬರ್ಗ್ ಅವರೊಂದಿಗೆ ಹಂಚಿಕೆಯಾಯಿತು. ಮುಂದೆ ವೆನಿಸ್‌ನಲ್ಲೂ ಹೀಗೇ ಆಯಿತು. ಹಂಚಿಕೊಂಡ ಪ್ರಶಸ್ತಿಯನ್ನು ಅರ್ಧ ಪ್ರಶಸ್ತಿಯೆಂದು ಎಣಿಸಬೇಕಾಗಿಲ್ಲ. ಆದರೂ ಇಂಥ ಪಾತ್ರಕ್ಕೆ ಒಂಟಿಯಾಗಿ ಕಿರೀಟ ತೊಡಿಸಲು ತೀರ್ಪುಗಾರರು ಅಂದು ಹಿಂಜರಿದರೇನೋ ಎಂದು ಅನ್ನಿಸದಿರದು.

ಶಬ್ರೋಲ್ ಮತ್ತು ಯುಪೇರ್ ಜೊತೆಗೂಡಿ ಏಳು ಚಿತ್ರಗಳನ್ನು ಮಾಡಿದರು. ಈ ನಟಿಯ ಪ್ರಶಸ್ತಿಗಳಲ್ಲಿ ದೊಡ್ಡ ಪಾಲು ಈ ಜೋಡಿಯದು. ‘ಯೂನ್ ಅಫೇರ್ ದ ಫಾಮ್’ (1988) ಚಿತ್ರದ ಕಥೆ ನಡೆಯುವುದು ಫ್ರಾನ್ಸ್ ಜರ್ಮನಿಯ ವಶದಲ್ಲಿದ್ದ ಕಾಲದಲ್ಲಿ. ನಾಯಕಿ ತನ್ನ ಮನೆಯಲ್ಲೇ ಹೆಂಗಸರಿಗೆ ಗರ್ಭಪಾತ ಮಾಡಿ, ಕೈಗೆ ಬಂದ ಕಾಸಿನಲ್ಲಿ ಮಕ್ಕಳ ಹೊಟ್ಟೆ ತುಂಬಿಸಿ, ತಾನೂ ಸುಖವಾಗಿರಲು ನೋಡುತ್ತಾಳೆ. 1943ರಲ್ಲಿ ಗಿಲೊಟಿನ್‌ಗೆ ಗುರಿಯಾದ ಮರಿ ಲೂಯಿಸ್ ಝಿರೋ ಎಂಬಾಕೆಯ ಬದುಕು ಇದಕ್ಕೆ ಆಧಾರ. ಆಕೆಯನ್ನು ಸಂತಳಾಗಿಸುವ ದಾರಿ ನಟಿಗೆ ತೆರೆದೇ ಇತ್ತು. ಯುಪೇರ್ ಆ ದಾರಿ ಹಿಡಿಯಲಿಲ್ಲ. ಆಕೆಯ ದುರಾಸೆಯನ್ನೂ ಗಂಡನ ಮೇಲಿನ ತಾತ್ಸಾರವನ್ನೂ ಇದ್ದಂತೆಯೇ ಉಳಿಸಿಕೊಂಡರು. ವೆನಿಸ್ ಅವರಿಗೆ ವೋಲ್ಪಿ ಕಪ್ ಕೊಟ್ಟಿತು, ಜೊತೆಗೆ ಶರ್ಲಿ ಮೆಕ್ಲೇನ್ ಅವರಿಗೂ. 1991ರ ‘ಮದಾಂ ಬೊವಾರಿ’ ಮಾಸ್ಕೋ ಚಿತ್ರೋತ್ಸವದ ಶ್ರೇಷ್ಠ ನಟಿ ಗೌರವ ತಂದಿತು.

ಚಿತ್ರೋತ್ಸವಗಳು ಕರೆಕರೆದು ಗೌರವಿಸುತ್ತಿದ್ದ ಈ ಅವಧಿಯಲ್ಲಿ ಸ್ವದೇಶದ ಸೆಸಾರ್ ಮಾತ್ರ ದೂರವೇ ಇತ್ತು. 1976ರ ಮೊಟ್ಟಮೊದಲ ಸೆಸಾರ್ ಸಮಾರಂಭದಲ್ಲೇ ‘ಅಲೊಯೀಸ್’ ಚಿತ್ರಕ್ಕಾಗಿ ಪೋಷಕ ನಟಿ ವಿಭಾಗದಲ್ಲಿ ಅವರ ಹೆಸರಿತ್ತು. 1979ರಲ್ಲಿ ರೋಮಿ ಶ್ನೈಡರ್, 1989ರಲ್ಲಿ ‘ಕಮೀಯ್ ಕ್ಲೋದೆಲ್’ ಚಿತ್ರದ ಇಸಬೆಲ್ ಅಜಾನಿ ಯುಪೇರರನ್ನು ಹಿಂದಿಕ್ಕಿದರು. ಇದಕ್ಕೆ ಎರಡು ಬಗೆಯ ಪ್ರಶಸ್ತಿಗಳ ಆಯ್ಕೆಯ ರೀತಿ ಬೇರೆಯಾಗಿರುವುದೂ ಒಂದು ಕಾರಣ. ಕಾನ್, ವೆನಿಸ್‌ಗಳಲ್ಲಿ ಬೆರಳೆಣಿಕೆಯ ತೀರ್ಪುಗಾರರು ಒಂದೆಡೆ ಕೂತು ಚರ್ಚಿಸಿ ನಿರ್ಧರಿಸುತ್ತಾರೆ. ಸೆಸಾರ್ ನಿರ್ಧಾರವಾಗುವುದು ಚಿತ್ರೋದ್ಯಮದ ಸಾವಿರಾರು ಸದಸ್ಯರ ಮತದಿಂದ. ಬಹುಜನರ ಮತ ಬೇಗ ಒಲಿಯುವುದು ಮನ ಕರಗಿಸುವ ಪಾತ್ರಕ್ಕೆ. ಅಜಾನಿ ಐದು ಸೆಸಾರ್ ಗೆದ್ದರೆ, ನಟಿಯರಲ್ಲಿ ಅತಿ ಹೆಚ್ಚು ಸಲ ನಾಮನಿರ್ದೇಶನಗೊಂಡ ಯುಪೇರರಿಗೆ ಸಿಕ್ಕಿದ್ದು ಎರಡೇ.

ಅವುಗಳಲ್ಲಿ ಮೊದಲನೆಯದು 1996ರಲ್ಲಿ, ಶಬ್ರೋಲ್ ಅವರ ‘ಲಾ ಸೆರೆಮೊನಿ’ಗೆ ಬಂತು. ಊರಿನವರ ಕಾಗದಗಳನ್ನು ಒಡೆದು ಓದುವ, ಸದಾ ವಟಗುಟ್ಟುವ ಅಂಚೆ ಕಚೇರಿಯ ಝಾನ್, ಶ್ರೀಮಂತರ ಮನೆಯ ಅನಕ್ಷರಸ್ಥ ಕೆಲಸದಾಕೆ ಸೋಫಿಯ ಸ್ನೇಹ ಬೆಳೆಸುತ್ತಾಳೆ. ಮನೆಯವರು ಟಿವಿಯ ಮುಂದೆ ಕೂತು ಮೊಜಾರ್ಟನ ‘ಡಾನ್ ಜೊವಾನಿ’ ನೋಡುತ್ತಿರುವಾಗ ಇವರಿಬ್ಬರ ಕೈಗೆ ಬೇಟೆಯ ಬಂದೂಕು ಬರುತ್ತದೆ. ಆ ಇಡೀ ದೃಶ್ಯವನ್ನು ಯುಪೇರ್ ಹುಡುಗಾಟದಂತೆ ಅಭಿನಯಿಸಿದ್ದಾರೆ. ಅದಕ್ಕೇ ಅದು ಎದೆ ನಡುಗಿಸುತ್ತದೆ. ಸೆಸಾರ್‌ಗೆ ಹಿಂದಿನ ವರ್ಷ ವೆನಿಸ್‌ನ ವೋಲ್ಪಿ ಕಪ್ ಅವರಿಗೂ ಸೋಫಿಯಾಗಿದ್ದ ಸಾಂದ್ರಿನ್ ಬೊನೇರ್ ಅವರಿಗೂ ಒಟ್ಟಿಗೆ ಸಂದಿತ್ತು. ಇಬ್ಬರ ಅಭಿನಯವೂ ಒಂದಕ್ಕೊಂದು ಹೆಣೆದುಕೊಂಡ ಚಿತ್ರವಾದ್ದರಿಂದ ಆ ಹಂಚಿಕೆ ನ್ಯಾಯವಾದದ್ದೇ.

2001ರಲ್ಲಿ ಯುಪೇರ್ ಕಾನ್ ಪ್ರಶಸ್ತಿಯನ್ನು ಯಾರೊಂದಿಗೂ ಹಂಚಿಕೊಳ್ಳದೆ ಗೆದ್ದರು. ಚಿತ್ರ ಮಿಖಾಯೆಲ್ ಹಾನೆಕೆ ಅವರ ‘ಲಾ ಪಿಯಾನಿಸ್ತ್’, ಆಧಾರ ಆಸ್ಟ್ರಿಯದ ಲೇಖಕಿ ಎಲ್ಫ್ರೀಡೆ ಯೆಲಿನೆಕ್ ಅವರ ಕಾದಂಬರಿ. ತೀರ್ಪುಗಾರರ ಅಧ್ಯಕ್ಷೆ ತಾನೂ ಮಹಾನಟಿಯಾದ ಲಿವ್ ಉಲ್ಮನ್. ಚಿತ್ರಕ್ಕೆ ಗ್ರಾಂ ಪ್ರೀ, ನಾಯಕ ಬೆನ್ವಾ ಮಾಝಿಮೆಲ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಕೂಡ ಬಂದವು. ಕೊನೆಯ ದೃಶ್ಯವೊಂದೇ ಸಾಕು ಈ ಪ್ರಶಸ್ತಿಯ ಸಮರ್ಥನೆಗೆ. ಸಂಗೀತ ಸಭಾಂಗಣದ ಮೊಗಸಾಲೆಯಲ್ಲಿ ಸಂಗೀತ ಶಿಕ್ಷಕಿ ಎರಿಕಾ ಒಬ್ಬಳೇ ನಿಂತಿದ್ದಾಳೆ. ಕೈಚೀಲದಿಂದ ಅಡುಗೆಮನೆಯ ಚಾಕು ತೆಗೆಯುತ್ತಾಳೆ. ಕ್ಷಣಮಾತ್ರ ಮುಖ ಕಿವಿಚಿ, ಹಲ್ಲು ಕಚ್ಚಿ, ಭುಜದ ಬಳಿ ಇರಿದುಕೊಳ್ಳುತ್ತಾಳೆ. ಮುಖ ಮತ್ತೆ ಮೊದಲಿನಂತಾಗುತ್ತದೆ. ಬಾಗಿಲು ದಾಟಿ ಬೀದಿಗಿಳಿದು ಹೊರಟುಹೋಗುತ್ತಾಳೆ. ಅದೇ ವರ್ಷ ಐರೋಪ್ಯ ಚಲನಚಿತ್ರ ಪ್ರಶಸ್ತಿಯೂ ಅವರದಾಯಿತು. ಸೆಸಾರ್ ಆಗಲೂ ಬೇರೆಯವರ ಪಾಲಾಯಿತು. 2002ರಲ್ಲಿ ಫ್ರಾಂಸ್ವಾ ಓಝೋನ್ ಅವರ ‘8 ಫಾಮ್’ ಚಿತ್ರದ ಎಂಟೂ ನಟಿಯರಿಗೆ ಬರ್ಲಿನ್ ಚಿತ್ರೋತ್ಸವ ಬೆಳ್ಳಿ ಕರಡಿ ನೀಡಿತು. 2005ರಲ್ಲಿ ವೆನಿಸ್ ಅವರ ಒಟ್ಟು ಸಾಧನೆಗೆ ವಿಶೇಷ ಸಿಂಹ ಪ್ರಶಸ್ತಿ ಕೊಟ್ಟಿತು.

‘ಎಲ್’ (2016) ಚಿತ್ರದ ಕಥೆಯೇ ಬೇರೆ. ಡಚ್ ನಿರ್ದೇಶಕ ಪಾಲ್ ವೆರ್ಹೂವನ್ ಇದನ್ನು ಅಮೆರಿಕದಲ್ಲಿ ತೆಗೆಯಲು ಹೊರಟಿದ್ದರು. ಅತ್ಯಾಚಾರಕ್ಕೆ ತುತ್ತಾಗಿಯೂ ಬಲಿಪಶುವಿನಂತೆ ನಡೆದುಕೊಳ್ಳದ ಮಿಶೆಲ್ ಪಾತ್ರಕ್ಕೆ ಅಲ್ಲಿನ ಹೆಸರಾಂತ ನಟಿಯರು ಒಪ್ಪಲಿಲ್ಲ. ಯುಪೇರ್ ಒಪ್ಪಿದರು, ಚಿತ್ರ ಫ್ರಾನ್ಸಿಗೆ ಬಂತು. ಕಾನ್‌ನಿಂದ ಬರಿಗೈಯಲ್ಲಿ ಮರಳಿದರೂ ಮುಂದೆ ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಳ ವಿಮರ್ಶಕರ ಸಂಘಗಳು ‘ಎಲ್’ ಮತ್ತು ಮಿಯಾ ಹಾನ್ಸನ್ ಲೂವ್ ಅವರ ‘ಲಾವನೀರ್’ ಎರಡಕ್ಕೂ ಸೇರಿಸಿ ಅವರನ್ನು ಶ್ರೇಷ್ಠ ನಟಿಯೆಂದವು. 2017ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಬಂತು. ಫೆಬ್ರುವರಿ 24ರ ರಾತ್ರಿ ಪ್ಯಾರಿಸ್ಸಿನಲ್ಲಿ ಎರಡನೆಯ ಸೆಸಾರ್. 25ರಂದು ಕ್ಯಾಲಿಫೋರ್ನಿಯಾದಲ್ಲಿ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿ. 26ರಂದು ಆಸ್ಕರ್ ಸಮಾರಂಭ. ಆಸ್ಕರ್ ನಾಮನಿರ್ದೇಶನ ಅವರಿಗೆ ಅದೇ ಮೊದಲು. ಪ್ರಶಸ್ತಿ ‘ಲಾ ಲಾ ಲ್ಯಾಂಡ್’ನ ಎಮ್ಮಾ ಸ್ಟೋನ್ ಅವರಿಗೆ ಹೋಯಿತು. ನಲವತ್ತು ವರ್ಷಗಳ ಕೆಲಸವನ್ನು ಅಮೆರಿಕ ಕಣ್ಣು ತೆರೆದು ನೋಡಿದ್ದು ತೀರಾ ತಡವಾಗಿ.

ರಂಗಭೂಮಿಯೂ ಬೇಗ ಒಲಿಯಲಿಲ್ಲ. 2002ರಲ್ಲಿ ಸಾರಾ ಕೇನ್ ಅವರ ‘4.48 ಸೈಕೋಸಿಸ್’ ನಾಟಕದಲ್ಲಿ, ಕ್ಲೋದ್ ರೆಜಿ ಅವರ ನಿರ್ದೇಶನದಲ್ಲಿ, ಸುಮಾರು ಎರಡು ಗಂಟೆ ನಿಂತಲ್ಲೇ ನಿಂತು ಅಭಿನಯಿಸಿದ ಈ ಕಲಾವಿದೆ ಮೊಲಿಯೇರ್ ಪ್ರಶಸ್ತಿಗೆ ಹಲವು ಸಲ ನಾಮನಿರ್ದೇಶನಗೊಂಡರು. ಕೊನೆಗೆ 2017ರಲ್ಲಿ ಗೌರವ ಮೊಲಿಯೇರ್ ಸಂದಿತು. ಅದೇ ವರ್ಷ ಜೆರೆಮಿ ಐರನ್ಸ್ ಅವರೊಂದಿಗೆ ಯುರೋಪ್ ರಂಗಭೂಮಿ ಪ್ರಶಸ್ತಿ ಪಡೆದರು. ಸರ್ಕಾರಿ ಗೌರವಗಳಲ್ಲಿ ಲೀಜಿಯನ್ ಆಫ್ ಆನರ್ (1999, 2009ರಲ್ಲಿ ಬಡ್ತಿ) ಮುಖ್ಯವಾದುದು. 2022ರಲ್ಲಿ ಬರ್ಲಿನ್ ಗೌರವ ಚಿನ್ನದ ಕರಡಿ ಪ್ರದಾನ ಮಾಡಿದಾಗ ಕೋವಿಡ್ ಸೋಂಕಿನಿಂದಾಗಿ ಅವರು ಪ್ಯಾರಿಸ್ಸಿನಿಂದಲೇ ವಿಡಿಯೊ ಮೂಲಕ ಪಾಲ್ಗೊಂಡರು. 2024ರ ಅಕ್ಟೋಬರಿನಲ್ಲಿ ಲಿಯಾನ್ ನಗರದ ಲ್ಯೂಮಿಯೇರ್ ಪ್ರಶಸ್ತಿ ಬಂತು.

ಪ್ರಶಸ್ತಿ ಪಡೆದವರು ಪ್ರಶಸ್ತಿ ಕೊಡುವ ಸ್ಥಾನಕ್ಕೂ ಬಂದರು. 2009ರಲ್ಲಿ ಅವರು ಅಧ್ಯಕ್ಷೆಯಾಗಿದ್ದ ಕಾನ್ ಸಮಿತಿ ಹಾನೆಕೆ ಅವರ ‘ದಿ ವೈಟ್ ರಿಬ್ಬನ್’ಗೆ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಕೊಟ್ಟಾಗ, ತಮ್ಮ ನಿರ್ದೇಶಕರಿಗೇ ಕೊಟ್ಟರೆಂಬ ಗೊಣಗಾಟ ಎದ್ದಿತು. ಆದರೆ ಚಿತ್ರದ ಗುಣವನ್ನು ಅಲ್ಲಗಳೆಯುವಂತಿರಲಿಲ್ಲ. 2024ರಲ್ಲಿ ವೆನಿಸ್ ತೀರ್ಪುಗಾರರ ಅಧ್ಯಕ್ಷತೆಯೂ ಅವರದಾಯಿತು. ತಮಗೆ ಎರಡು ಸಲವೂ ಹಂಚಿಕೆಯಾಗಿ ಬಂದಿದ್ದ ವೋಲ್ಪಿ ಕಪ್ಪನ್ನು ಆ ವರ್ಷ ಅವರ ಸಮಿತಿ ‘ಬೇಬಿಗರ್ಲ್’ ಚಿತ್ರದ ನಿಕೋಲ್ ಕಿಡ್ಮನ್ ಒಬ್ಬರಿಗೇ ಕೊಟ್ಟಿತು.