ಹಗೇವು ತುಂಬಿದ ಮನೆಯ ಚಳಿಗಾಲ

ಛತ್ರಪತಿ ಸಂಭಾಜಿನಗರದಿಂದ ಜಳಗಾವಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 65 ಕಿಲೋಮೀಟರ್ ಉತ್ತರಕ್ಕೆ ಹೋದರೆ ಸಿಲ್ಲೋಡ್ ಸಿಗುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದ ಬಯಲು, ಕಪ್ಪು ಮಣ್ಣಿನ ಸೀಮೆ. ಮುಂದೆ ಅಜಂತಾ ಎಂಬ ಹಳ್ಳಿ. ಅದನ್ನು ದಾಟಿ ಘಾಟ್ ಇಳಿದರೆ ಜಗತ್ತಿಗೆಲ್ಲ ಗೊತ್ತಿರುವ ಗುಹೆಗಳು. ಪಕ್ಕದ ತಾಲ್ಲೂಕಿನ ಹೆಸರು ಕನ್ನಡ್. ಈ ಜಿಲ್ಲೆಯೂ ಇವತ್ತಿನ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳೂ 1956ರ ನವೆಂಬರ್ 1ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಭಾಷಾವಾರು ಗೆರೆ ಎಳೆದಾಗ ಕಡತಗಳು ಬೇರೆಯಾದವು, ಒಲೆ ಮಾತ್ರ ಒಂದೇ ಆಗಿ ಉಳಿಯಿತು. ಇಲ್ಲಿನ ಭಾಕರಿ ಅಲ್ಲಿನ ರೊಟ್ಟಿ; ಇಲ್ಲಿನ ಗೋಧಡಿ ಅಲ್ಲಿನ ಕೌದಿ; ಇಲ್ಲಿನ ಘೊಂಗಡಿ ಅಲ್ಲಿನ ಕಂಬಳಿ; ಇಲ್ಲಿನ ಪೇವ ಅಲ್ಲಿನ ಹಗೇವು.

ದಖ್ಖನಿನ ಚಳಿ ಹಿಮಾಲಯದ ಚಳಿಯಲ್ಲ. ಆದರೂ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಪಶ್ಚಿಮಕ್ಕೆ ನಾಸಿಕ ಜಿಲ್ಲೆಯ ನಿಫಾಡದಲ್ಲಿ ಚಳಿ ಇನ್ನೂ ಜೋರು. ದ್ರಾಕ್ಷಿ ಕಾಯಿ ಹಾಳಾಗದಿರಲೆಂದು ಬೆಳೆಗಾರರು ತೋಟದ ಸಾಲುಗಳ ನಡುವೆ ಬೆಂಕಿ ಹಾಕಿ ಹೊಗೆ ಎಬ್ಬಿಸುತ್ತಾರೆ. ಇಂಥ ಚಳಿಯನ್ನು ಇಲ್ಲಿನ ಮನೆಗಳು ಹೇಗೆ ಕಳೆದವು ಎಂದು ಕೇಳಿದರೆ ಸಜ್ಜೆ ರೊಟ್ಟಿ, ಎಳ್ಳು, ಬೆಲ್ಲ, ತುಪ್ಪ, ಅಂಟಿನುಂಡೆ, ಎಣ್ಣೆಸ್ನಾನ, ಕೌದಿ ಎಂಬ ಪಟ್ಟಿ ಬರುತ್ತದೆ. ಅದನ್ನು ಆರೋಗ್ಯದ ಸೂತ್ರವೆಂದು ಓದುವುದು ಈಗಿನ ರೂಢಿ. ಚರಿತ್ರೆಯಲ್ಲಿ ಅದಕ್ಕಿಂತ ಹೆಚ್ಚಾಗಿ ಅದೊಂದು ಲೆಕ್ಕವಾಗಿತ್ತು: ಮನೆಯಲ್ಲಿ ಕಾಳು ಎಷ್ಟಿದೆ, ದುಡಿಯುವ ಕೈ ಎಷ್ಟಿವೆ, ಮುಂದಿನ ಮಳೆಗೆ ಇನ್ನೆಷ್ಟು ತಿಂಗಳಿವೆ ಎಂಬ ಲೆಕ್ಕ.

ಮೂರು ಚೀವರ, ಐದು ಮದ್ದು

ಅಜಂತಾದ ಗುಹೆಗಳಲ್ಲಿ ವಾಸವಿದ್ದ ಭಿಕ್ಷುಗಳು ಪಾಲಿಸಬೇಕಿದ್ದ ವಿನಯದ ನಿಯಮಗಳಲ್ಲಿ ಚಳಿಗೂ ಒಂದು ಜಾಗವಿದೆ. ಪಾಲಿಯ ಮಹಾವಗ್ಗದಲ್ಲಿ ಹೀಗೊಂದು ಪ್ರಸಂಗ ಬರುತ್ತದೆ. ಭಿಕ್ಷುಗಳು ಬಟ್ಟೆಯ ಗಂಟು ಹೊತ್ತು ಬರುವುದನ್ನು ಕಂಡ ಬುದ್ಧ, ಒಬ್ಬನಿಗೆ ನಿಜವಾಗಿ ಎಷ್ಟು ಬಟ್ಟೆ ಬೇಕು ಎಂದು ಯೋಚಿಸುತ್ತಾನೆ. ವೈಶಾಲಿಯಲ್ಲಿ ಕಡು ಚಳಿಯ ಒಂದು ರಾತ್ರಿ ಬಯಲಲ್ಲಿ ಕೂರುತ್ತಾನೆ. ಮೊದಲ ಜಾವ ಕಳೆಯುವವರೆಗೆ ಒಂದು ಹೊದಿಕೆ ಸಾಕಾಗುತ್ತದೆ. ಆಮೇಲೆ ಎರಡನೆಯದು, ನಡುಜಾವ ಕಳೆದ ಮೇಲೆ ಮೂರನೆಯದು, ಕೊನೆಯ ಜಾವ ಮುಗಿದಾಗ ನಾಲ್ಕನೆಯದು ಬೇಕಾಗುತ್ತದೆ. ಆ ಅಳತೆಯ ಮೇಲೆ ಮೂರು ಚೀವರಗಳ ನಿಯಮ ಬರುತ್ತದೆ: ಒಳಗೊಂದು, ಮೇಲೊಂದು, ಎರಡು ಪದರದ ಸಂಘಾಟಿ ಒಂದು. ಲೆಕ್ಕಕ್ಕೆ ನಾಲ್ಕು ಪದರ. ಚೂರುಗಳನ್ನು ಜೋಡಿಸಿ ಹೊಲಿಯುವ ಚೀವರದ ವಿನ್ಯಾಸಕ್ಕೆ ಮಗಧದ ಬದುಗಳ ನಡುವಿನ ಹೊಲಗಳೇ ಮಾದರಿಯಾದವು ಎಂದೂ ಅಲ್ಲಿದೆ.

ಅದೇ ಗ್ರಂಥ ಕಾಯಿಲೆಬಿದ್ದು ಸೊರಗಿದ ಭಿಕ್ಷುಗಳಿಗೆ ಐದು ಮದ್ದುಗಳನ್ನು ಅನುಮತಿಸುತ್ತದೆ: ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಕಬ್ಬಿನ ಕಾಕಂಬಿ. ಇವನ್ನು ಏಳು ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ. ಸಿಲ್ಲೋಡಿನ ಅಡುಗೆಮನೆಯ ಚಳಿಗಾಲದ ಡಬ್ಬಿಗಳನ್ನು ತೆರೆದರೆ ಹೆಚ್ಚುಕಡಿಮೆ ಇವೇ ಸಿಗುತ್ತವೆ. ಹಾಗೆಂದು ಗುಹೆಯಿಂದ ಹಳ್ಳಿಗೆ ನೇರ ದಾರಿ ಎಳೆಯಬೇಕಾಗಿಲ್ಲ. ಕೊಬ್ಬು ಮತ್ತು ಸಿಹಿ ಸೊರಗಿದ ದೇಹಕ್ಕೆ ಬೇಗ ಬಲ ಕೊಡುತ್ತವೆ ಎಂಬುದನ್ನು ಎರಡೂ ಕಡೆಯವರು ಕಂಡುಕೊಂಡಿದ್ದರು, ಅಷ್ಟೆ.

ಶಾಸ್ತ್ರ ಹೇಳಿದ್ದು ಯಾರಿಗೆ?

ಚರಕಸಂಹಿತೆಯ ಸೂತ್ರಸ್ಥಾನದ ಆರನೇ ಅಧ್ಯಾಯ ಋತುಚರ್ಯೆಯದು. ಹೇಮಂತದಲ್ಲಿ ಹೊರಗಿನ ಚಳಿ ಒಳಗಿನ ಅಗ್ನಿಯನ್ನು ತಡೆದಿಡುವುದರಿಂದ ಜೀರ್ಣಶಕ್ತಿ ಹೆಚ್ಚುತ್ತದೆ ಎಂದು ಅದು ಹೇಳುತ್ತದೆ. ಆದ್ದರಿಂದ ಜಿಡ್ಡಿನ ಆಹಾರ, ಹಾಲು, ಬೆಲ್ಲದ ಪದಾರ್ಥ, ಹೊಸ ಅಕ್ಕಿ, ಮಾಂಸ, ಬಿಸಿನೀರು. ಮೈಗೆ ಎಣ್ಣೆ, ಬೆವರು ಬರಿಸುವ ಶಾಖ, ಬೆಚ್ಚಗಿನ ಒಳಕೋಣೆ, ನೆಲಮಾಳಿಗೆ, ರೇಷ್ಮೆ ಮತ್ತು ತೊಗಲಿನ ಹೊದಿಕೆ. ಇದು ಉಳ್ಳವನ ದಿನಚರಿ ಎಂಬುದರಲ್ಲಿ ಸಂಶಯವಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದ ಅನ್ನಭೋಗವೂ ಅರಮನೆಯ ಊಟವನ್ನೇ ವರ್ಣಿಸುತ್ತದೆ. ಅದಕ್ಕೆ ಒಂದು ಶತಮಾನ ಮೊದಲು, 1025ರ ಹೊತ್ತಿಗೆ, ಅದೇ ಮನೆತನದ ಜಯಸಿಂಹನ ಕಾಲದಲ್ಲಿ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ ಬರೆದ. ಅಡುಗೆ, ವೈದ್ಯ, ನೀರು, ಗಿಡಮರಗಳ ತಿಳಿವಳಿಕೆಯನ್ನು ಅದು ಒಂದೇ ಕಟ್ಟಿನಲ್ಲಿ ಇಟ್ಟಿತು. ಮನೆವಾರ್ತೆಯ ಅರಿವನ್ನು ಜನರ ನುಡಿಗೆ ತಂದದ್ದು ಅದರ ದೊಡ್ಡ ಕೆಲಸ.

ಚರಕನ ಅಧ್ಯಾಯದಲ್ಲಿ ಹೆಚ್ಚಾಗಿ ಯಾರೂ ನೆನಪಿಸಿಕೊಳ್ಳದ ಒಂದು ಎಚ್ಚರಿಕೆಯೂ ಇದೆ. ಈ ಕಾಲದ ಹೆಚ್ಚಿದ ಅಗ್ನಿಗೆ ತಕ್ಕ ಉರುವಲು ಸಿಗದಿದ್ದರೆ ಅದು ದೇಹದ ಸಾರವನ್ನೇ ಸುಡುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಅರೆಹೊಟ್ಟೆ ಉಣ್ಣಬಾರದು, ನೀರಿನಲ್ಲಿ ಕದಡಿದ ಹಿಟ್ಟನ್ನು ಕುಡಿದು ಇರಬಾರದು. ಬಡವರ ಮನೆಯಲ್ಲಿ ಕಾಳು ತೀರಿದಾಗ ಉಳಿಯುತ್ತಿದ್ದದ್ದು ಈ ಎರಡೇ.

ಸುಗ್ಗಿಯ ಪಂಚಾಂಗ

ಹಳ್ಳಿಯ ಮನೆಗೆ ಋತುಚರ್ಯೆಯನ್ನು ಕಲಿಸಿದ್ದು ಹೊಲ. ಮುಂಗಾರಿನ ಸಜ್ಜೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೊಯ್ಲಿಗೆ ಬರುತ್ತದೆ. ಚಳಿ ಇಳಿಯುವ ಹೊತ್ತಿಗೆ ಮನೆಯಲ್ಲಿರುವ ಹೊಸ ಕಾಳು ಅದೇ. ಸಜ್ಜೆ ‘ಕಾವು’ ಎಂಬ ನಂಬಿಕೆಯೂ ಸಜ್ಜೆ ಸಿಗುವ ಕಾಲವೂ ಒಂದಕ್ಕೊಂದು ಹೊಂದಿಕೊಂಡವು. ಎಳ್ಳು, ಅವರೆ, ಕಡಲೆಯ ಎಳೆಕಾಳು, ಗಜ್ಜರಿ, ಬದನೆ ಎಲ್ಲ ಆಗಲೇ ಕೈಗೆ ಬರುತ್ತವೆ. ಸಂಕ್ರಾಂತಿಯ ಹಿಂದಿನ ದಿನದ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಲವು ಕಾಯಿ ಕಾಳು ಬೆರೆಸಿದ ಪಲ್ಯ. ಮರಾಠವಾಡದಲ್ಲೂ ಉತ್ತರ ಕರ್ನಾಟಕದಲ್ಲೂ ಅದೇ ಊಟ. ಕಲಬುರಗಿ, ಬೀದರ್ ಕಡೆಯ ಎಳ್ಳಮಾವಾಸ್ಯೆ ಲಾತೂರು, ಧಾರಾಶಿವಗಳಲ್ಲಿ ವೇಳ ಅಮಾವಾಸ್ಯೆ. ಎರಡೂ ಕಡೆ ಮನೆಮಂದಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿಗೆ ಉಣಿಸಿ, ಬಜ್ಜಿ ಅಂಬಲಿ ಹಂಚಿಕೊಂಡು ಉಣ್ಣುತ್ತಾರೆ.

ಬಿಳಿಜೋಳ ಹಿಂಗಾರಿನದು. ಮಳೆ ಮುಗಿದ ಮೇಲೆ ಬಿತ್ತಿದ ಅದು ಕಪ್ಪು ಮಣ್ಣಿನಲ್ಲಿ ಉಳಿದ ತೇವದ ಮೇಲೆ ಬೆಳೆಯುತ್ತದೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದ ಮಾಲದಂಡಿ ತಳಿ ವಿಜಯಪುರದ ಹೊಲಗಳಲ್ಲೂ ಹೆಸರಾಯಿತು. ತೆನೆ ಹಾಲುಗಾಳಾದಾಗ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿಯ ಜೊತೆ ತಿನ್ನುವುದು ಅಲ್ಲಿ ಹುರಡಾ, ಇಲ್ಲಿ ಸೀತನಿ. ಪೂರ್ತಿ ಬಲಿತ ಜೋಳ ಫೆಬ್ರವರಿ, ಮಾರ್ಚಿನಲ್ಲಿ ಮನೆಗೆ ಬಂದು ಹಗೇವಿಗೆ ಇಳಿಯುತ್ತಿತ್ತು. ಗಟ್ಟಿ ಮಣ್ಣಿನಲ್ಲಿ ತೋಡಿ, ಸೊಪ್ಪೆ ಹೊಟ್ಟು ಹಾಸಿದ ಆ ನೆಲದೊಳಗಿನ ಕಣಜದಲ್ಲಿ ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯಿ ತೆರೆದ ತಕ್ಷಣ ಒಳಗಿಳಿದರೆ ಕೆಟ್ಟ ಗಾಳಿಗೆ ಜೀವ ಹೋಗುವ ಭಯವಿತ್ತು, ಗಾಳಿಯಾಡುವವರೆಗೆ ಕಾಯಬೇಕಿತ್ತು. ಬರದ ವರ್ಷ ಬಂದರೆ ಮನೆ ಉಳಿಯುತ್ತಿದ್ದದ್ದು ಆ ಹಳೆಯ ಜೋಳದಿಂದ.

‘ಸಾವಿರಾರು ವರ್ಷಗಳ ಪರಂಪರೆ’ ಎನ್ನುವಾಗ ಸ್ವಲ್ಪ ತಡೆಯಬೇಕು. ಸಿಲ್ಲೋಡ್ ಇವತ್ತು ಹೆಸರು ಮಾಡಿರುವುದು ಹಸಿಮೆಣಸಿನಕಾಯಿಗೆ ಮತ್ತು ಮೆಕ್ಕೆಜೋಳಕ್ಕೆ. ಮೆಣಸಿನಕಾಯಿ, ಮೆಕ್ಕೆಜೋಳ, ಶೇಂಗಾ ಮೂರೂ ಅಮೆರಿಕ ಖಂಡಗಳ ಬೆಳೆಗಳು. ಯುರೋಪಿನ ಹಡಗುಗಳು ಬರತೊಡಗಿದ ಮೇಲೆ ಇಲ್ಲಿಗೆ ಬಂದವು. ಅಜಂತಾದ ಚಿತ್ರಗಾರ ಠೇಚಾ ತಿಂದವನಲ್ಲ, ಚರಕನಿಗೆ ಶೇಂಗಾ ಗೊತ್ತಿರಲಿಲ್ಲ. ಹೊಸದನ್ನು ಒಳಗೆ ಬಿಟ್ಟುಕೊಂಡೇ ಈ ಅಡುಗೆಮನೆ ಹಳೆಯದಾದದ್ದು.

ಬೀಸುವವರು, ಹೊಲಿಯುವವರು

ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ. ಆದ್ದರಿಂದ ಬೇಕಾದಷ್ಟನ್ನು ಆಗಾಗ ಬೀಸಬೇಕು. ಗಿರಣಿ ಬರುವ ಮುನ್ನ ಚಳಿಗಾಲದ ಬಿಸಿ ರೊಟ್ಟಿ ಎಂದರೆ ಬೆಳಗಿನ ಜಾವದ ಕೊರೆತದಲ್ಲಿ ಎದ್ದ ಹೆಂಗಸರ ಕೆಲಸ. ಗೋದಾವರಿ ತೀರದ ಗಂಗಾಖೇಡದ ಜನಾಬಾಯಿ, ಸಂತ ನಾಮದೇವನ ಮನೆಯಲ್ಲಿ ಕೆಲಸಕ್ಕಿದ್ದವಳು. ಪಂಢರಪುರದ ವಿಠಲನೇ ಬಂದು ಅವಳ ಜೊತೆ ಬೀಸುಕಲ್ಲು ಹಿಡಿದ ಎಂದು ಭಕ್ತಿಪರಂಪರೆ ಹೇಳುತ್ತದೆ. ದೇವರೇ ಕೈಹಚ್ಚಬೇಕೆನಿಸುವಷ್ಟು ಭಾರವಾದ ಕೆಲಸ ಅದು. ಹೇಮಾ ರಾಯರಕರ್ ಮತ್ತು ಗೀ ಪೊಯ್ತವ್ಯಾ ಅವರು ಮಹಾರಾಷ್ಟ್ರದ ಹಳ್ಳಿಗಳಲ್ಲಿ ಸಂಗ್ರಹಿಸಿದ ಬೀಸುಕಲ್ಲಿನ ಪದಗಳು ಒಂದು ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ತವರು, ಅಣ್ಣ, ಅತ್ತೆಮನೆ, ದುಡಿತ, ದಣಿವು ಎಲ್ಲವೂ ಇವೆ. ಹಿಟ್ಟಿನ ಗಿರಣಿ ಬಂದಾಗ ಪದಗಳು ಕಡಿಮೆಯಾದವು, ಭುಜದ ನೋವೂ ಕಡಿಮೆಯಾಯಿತು.

ಕೌದಿಯೂ ಹಾಗೆಯೇ. ಔರಂಗಾಬಾದಿನ ಹಿಮ್ರೂ ಶಾಲು ಸಿರಿವಂತರಿಗೆ. ಕುರುಬರು, ಧನಗರರು ದಖ್ಖನಿ ಕುರಿಯ ಒರಟು ಉಣ್ಣೆಯಲ್ಲಿ ನೇಯಿಸಿ, ಹುಣಸೆಬೀಜದ ಗಂಜಿ ಕೊಟ್ಟ ಕಂಬಳಿ ಹೊಲಕ್ಕೆ, ಅಡವಿಗೆ. ಉಳಿದವರಿಗೆ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿ. ಹೊಸ ಬಟ್ಟೆ ಕೊಳ್ಳಲಾಗದ ಮನೆಯ ಜಾಣತನ ಅದು. ಅಜ್ಜಿಯ ಸೀರೆ ಮೊಮ್ಮಗುವಿನ ಹೊದಿಕೆಯಾಗುತ್ತಿತ್ತು.

ಎಲ್ಲವೂ ಹಿತವಾಗಿತ್ತು ಎನ್ನುವಂತಿಲ್ಲ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಶೆಗಡಿಯ ಕೆಂಡ ಇಡುವ ರೂಢಿ ತಾಯಿಮಗುವಿಗೆ ಬೆಚ್ಚಗೆ ಮಾಡಿದಷ್ಟೇ ಅಪಾಯವನ್ನೂ ತಂದಿತು. ಸೌದೆ, ಕುಳ್ಳಿನ ಹೊಗೆ ಹೆಂಗಸರ ಕಣ್ಣು, ಶ್ವಾಸಕೋಶಗಳನ್ನು ತಿಂದಿತು. ಜಾಲಿ ಅಂಟು, ಉತ್ತತ್ತಿ, ಒಣಕೊಬ್ಬರಿ, ತುಪ್ಪ ಹಾಕಿದ ಅಂಟಿನುಂಡೆ ಎಲ್ಲ ಬಾಣಂತಿಯರಿಗೂ ಸಿಗುತ್ತಿರಲಿಲ್ಲ.

ಕಾಳಿಲ್ಲದ ಚಳಿಗಾಲ

1972ರಲ್ಲಿ ಮಳೆ ಕೈಕೊಟ್ಟಿತು. ಮಹಾರಾಷ್ಟ್ರದ ಒಳನಾಡಿನಲ್ಲಿ ಅದಕ್ಕೆ ಮುಂಚಿನ ವರ್ಷಗಳೂ ಚೆನ್ನಾಗಿರಲಿಲ್ಲ. ಸಜ್ಜೆ ಬರಲಿಲ್ಲ, ಹಿಂಗಾರಿನ ಜೋಳಕ್ಕೆ ಮಣ್ಣಿನಲ್ಲಿ ತೇವವಿರಲಿಲ್ಲ. ಆ ಚಳಿಗಾಲದಲ್ಲಿ ಮರಾಠವಾಡದ ಹಳ್ಳಿಗಳು ಕಲ್ಲು ಒಡೆಯುವ, ರಸ್ತೆ ಹಾಕುವ, ಕೆರೆ ತೋಡುವ ಬರಪರಿಹಾರ ಕಾಮಗಾರಿಗಳಿಗೆ ನಡೆದವು. 1973ರ ಮೇ ಹೊತ್ತಿಗೆ ರಾಜ್ಯದಲ್ಲಿ ಅಲ್ಲಿ ದುಡಿಯುತ್ತಿದ್ದವರ ಸಂಖ್ಯೆ ಸುಮಾರು 50 ಲಕ್ಷಕ್ಕೆ ಮುಟ್ಟಿತು. ಹೊರದೇಶದಿಂದ ಬಂದ ‘ಮಿಲೋ’ ಎಂಬ ಕೆಂಪು ಜೋಳ, ಕಾಮಗಾರಿಯಲ್ಲಿ ಹಂಚುತ್ತಿದ್ದ ‘ಸುಕಡಿ’ ಎಂಬ ಪುಷ್ಟಿಹಿಟ್ಟು ಆ ತಲೆಮಾರಿನ ನಾಲಿಗೆಯಲ್ಲಿ ಇಂದಿಗೂ ಉಳಿದಿವೆ. ಅಡುಗೆಯ ಅರಿವು ಯಾವ ಮನೆಯಲ್ಲೂ ಕಳೆದುಹೋಗಿರಲಿಲ್ಲ, ಹಗೇವು ಬರಿದಾಗಿತ್ತು. ಜನರನ್ನು ಉಳಿಸಿದ್ದು ಕೂಲಿ ಮತ್ತು ರೇಷನ್. ಆ ಅನುಭವವೇ ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆಯಾಗಿ, 1977ರಲ್ಲಿ ಕಾಯ್ದೆಯಾಗಿ, ಮುಂದೆ 2005ರ ರಾಷ್ಟ್ರೀಯ ಕಾಯ್ದೆಗೆ ಮಾದರಿಯಾಯಿತು.

ಆಮೇಲೆ ಮನೆಯ ಲೆಕ್ಕವೇ ಬದಲಾಯಿತು. ನ್ಯಾಯಬೆಲೆ ಅಂಗಡಿಯಿಂದ ಗೋಧಿ, ಅಕ್ಕಿ ಬಂದವು. ಹೊಲದಲ್ಲಿ ಹತ್ತಿ, ಮೆಕ್ಕೆಜೋಳ ಹೆಚ್ಚಾದವು. ಮೆಕ್ಕೆಜೋಳದ ಬಹುಪಾಲು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಹಗೇವುಗಳು ಮುಚ್ಚಿಹೋದವು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಸಜ್ಜೆ, ಜೋಳಗಳು ಪಟ್ಟಣದ ಅಂಗಡಿಗಳಲ್ಲಿ ಹೊಸ ಪೊಟ್ಟಣಗಳಲ್ಲಿ ಕುಳಿತವು. ಚಳಿಗಾಲದ ಭಾನುವಾರಗಳಲ್ಲಿ ನಗರದವರು ಹಣ ಕೊಟ್ಟು ‘ಹುರಡಾ ಪಾರ್ಟಿ’ಗೆ ಹೊಲಗಳಿಗೆ ಬರುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ರೈತನಿಗೆ ನಾಲ್ಕು ಕಾಸು ಸಿಗುತ್ತದೆ, ಮಕ್ಕಳಿಗೆ ಜೋಳದ ತೆನೆ ಹೇಗಿರುತ್ತದೆಂದು ತಿಳಿಯುತ್ತದೆ.

ಇದೇ ತಿಂಗಳುಗಳಲ್ಲಿ ಇನ್ನೊಂದು ಪಯಣವೂ ನಡೆಯುತ್ತದೆ. ದೀಪಾವಳಿಯ ಹೊತ್ತಿಗೆ ಬೀಡ್ ಮತ್ತು ಸುತ್ತಲಿನ ಜಿಲ್ಲೆಗಳಿಂದ ಲಕ್ಷಾಂತರ ಜನ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೆ, ನಮ್ಮ ಬೆಳಗಾವಿ, ಬಾಗಲಕೋಟೆಗಳಿಗೆ ಹೊರಡುತ್ತಾರೆ. ಮುಂಗಡ ಪಡೆದ ಗಂಡಹೆಂಡಿರ ಜೋಡಿಗೆ ‘ಕೊಯ್ತಾ’ ಎಂದೇ ಹೆಸರು. ಕೈಯಲ್ಲಿರುವ ಕತ್ತಿಯ ಹೆಸರೇ ಮನುಷ್ಯರಿಗೂ. ಮಾರ್ಚಿನವರೆಗೆ ಕಾರ್ಖಾನೆಯ ಬಯಲಿನಲ್ಲಿ ಹಾಕಿದ ಗುಡಿಸಲೇ ಮನೆ. ನಸುಕಿನ ಮಂಜಿನಲ್ಲಿ ಕಬ್ಬಿನ ಸಾಲಿಗೆ ಇಳಿಯುವ ಮೊದಲು ಆ ಹೆಣ್ಣುಮಗಳು ಮೂರು ಕಲ್ಲಿನ ಒಲೆಯಲ್ಲಿ ರೊಟ್ಟಿ ಬಡಿದಿರುತ್ತಾಳೆ. ಸಂಕ್ರಾಂತಿಯ ದಿನ ಎರಡೂ ರಾಜ್ಯಗಳ ಮನೆಗಳಲ್ಲಿ ಎಳ್ಳಿನ ಜೊತೆ ಕೈಬದಲಾಗುವ ಸಿಹಿಯಲ್ಲಿ, ಸಕ್ಕರೆ ಅಚ್ಚಿನಲ್ಲಿ, ಕುಸುರೆಳ್ಳಿನಲ್ಲಿ ಅವಳು ಕಡಿದ ಕಬ್ಬೂ ಇರುತ್ತದೆ.

ಚರಕ ಹೇಳಿದ ಉರುವಲಿನ ಮಾತಿಗೆ ಹಳ್ಳಿಯ ಮನೆ ಕೊಟ್ಟ ಉತ್ತರ ಹಗೇವು. ಹಗೇವು ಹೋದ ಮೇಲೆ ಆ ಜಾಗದಲ್ಲಿ ನಿಂತದ್ದು ಕೂಲಿ, ರೇಷನ್ ಚೀಟಿ, ಮುಂಗಡ. ಸಜ್ಜೆ ರೊಟ್ಟಿಯ ಗುಣವನ್ನು ಮಾತಾಡುವಾಗ, ಅದನ್ನು ತನ್ನ ಮನೆಯ ಒಲೆಯ ಮುಂದೆ ಕೂತು ಉಣ್ಣಲು ಈ ಚಳಿಗಾಲ ಯಾರಿಗೆ ಸಾಧ್ಯವಾಗಿದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.